ಕಪ್ಪಾದ ಎಣ್ಣೆ ಚೆಲ್ಲಿದ್ದೀನಿ

ರೀ, ಬೆಳಗಿನ ಪಾಳಿಗೆ ಹೊರಟೆ.

ಬಾಣಲೆಯಲ್ಲಿ ಕರಿದು ಕರಿದು ಕಪ್ಪಾಗಿದ್ದ ಎಣ್ಣೆ ಚೆಲ್ಲಿದ್ದೀನಿ. ಇನ್ಮೇಲೆ ಅಂಥದ್ದನ್ನ ಮತ್ತೆ ಕಾಯಿಸಿದ್ರೆ ನನ್ನಾಣೆ. ನಿಮ್ಮ ಬೇಕರಿ ಬಿಸ್ಕತ್ತೂ ನನ್ನ ಬ್ಯಾಗಲ್ಲಿದೆ. ಅದಕ್ಕೆ ಎಷ್ಟು ವನಸ್ಪತಿ ಸುರೀತಾರೆ ಅಂತ ನಿಮಗೇ ಗೊತ್ತು, ಕಲಸೋರು ನೀವೇ.

ಹಾಗಂತ ಉಪವಾಸ ಕೂರ್ಬೇಡಿ. ಜಿಡ್ಡೆಲ್ಲ ವಿಷ ಅಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ಬಟ್ಟಲಲ್ಲಿ ಒಂದು ಹಿಡಿ ಕಡಲೆಬೀಜ ಇದೆ, ಮೀನು ಬೇಯಿಸಿಟ್ಟಿದ್ದೀನಿ. ಹೆದರದೆ ತಿನ್ನಿ.

ಅರ್ಧ ದಿನ ರಜಾ ಹಾಕಿ ಹನ್ನೊಂದಕ್ಕೆ ಆಸ್ಪತ್ರೆ ಗೇಟಲ್ಲಿ ನಿಂತಿರ್ತೀನಿ. ಬರೀ ಗ್ಯಾಸು ಅಂತ ಕಥೆ ಕಟ್ಟಬೇಡಿ, ಆಟೋದಲ್ಲಿ ಬನ್ನಿ.

ನಿನ್ನೆ ಮೆಟ್ಟಿಲ ಮಧ್ಯೆ ಕಂಬಿ ಹಿಡಿದು ಬಗ್ಗಿ ನಿಂತು, "ಲೇಸ್ ಕಟ್ಕೋತಿದ್ದೀನಿ, ನೀನು ನಡಿ" ಅಂದ್ರಿ. ನಾನೂ ನಡೆದೆ. ಬಾಗಿಲು ತೆಗೆದು ತಿರುಗಿ ನೋಡಿದೆ.

ನಿಮ್ಮ ಕಾಲಲ್ಲಿದ್ದಿದ್ದು ಚಪ್ಪಲಿ.