ಇವರ ಕೈಗೆ ಮಾತ್ರ ಓಡುವ ಡಿಸ್ಕ್

ಮಾರ್ಚ್ 4, ಮಂಗಳವಾರ, ಮಧ್ಯಾಹ್ನ

ಮತ್ತೆ ಅದೇ. ಡಿಸ್ಕ್ ಒಳಗೆ ಹೋಯಿತು, ಸ್ವಲ್ಪ ಹೊತ್ತು ಗರಗರ ಎಂದಿತು, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಈ ಡಿಸ್ಕನ್ನು ಓಡಿಸಲಾಗುವುದಿಲ್ಲ. ಕಾರಣ ಗೀರಣ ಏನೂ ಇಲ್ಲ.

ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಗೀರಿಲ್ಲ. ಗೀರು ನೋಡುವುದೇ ನನ್ನ ಕಸುಬು. ಕಣ್ಣಿನ ಕ್ಲಿನಿಕ್ಕಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಊರವರ ಕನ್ನಡಕ ಬೆಳಕಿಗೆ ಹಿಡಿಯುವವಳು. ಆದರೂ ಒರೆಸಿದೆ, ನಡುವಿನಿಂದ ಅಂಚಿಗೆ. ಕೇಬಲ್ ಕಿತ್ತು ಹಾಕಿದೆ. ಪ್ಲಗ್ ತೆಗೆದು ಪ್ಲೇಯರನ್ನು ಹಾಗೇ ತಣ್ಣಗಾಗಲು ಬಿಟ್ಟೆ. ಇಲ್ಲ.

ಮಂಗಳವಾರ ಕ್ಲಿನಿಕ್ಕಿಗೆ ರಜೆ. ಇವರು ಆಫೀಸಿನಲ್ಲಿ. ಅತ್ತೆ ಊಟ ಮುಗಿಸಿ ಒರಗಿರುತ್ತಾರೆ. ವಾರದಲ್ಲಿ ನನ್ನದು ಎನ್ನಬಹುದಾದ ಹೊತ್ತು ಇದೊಂದೇ. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ ಪತ್ತೇದಾರಿ ಸೀರಿಯಲ್ಲಿನ ಬ್ಲೂ-ರೇ ಡಿಸ್ಕ್ ಸೆಟ್. ಜನವರಿಯಲ್ಲಿ ಮೊದಲ ಡಿಸ್ಕ್‌ಗಳು ಇದೇ ಪ್ಲೇಯರಿನಲ್ಲಿ ಬೆಣ್ಣೆಯ ಹಾಗೆ ಓಡಿದ್ದವು. ಈಗ ಕೊನೆಯವು ಬಾಕಿ. ಕೊಲೆಗಾರ ಆರಾಮವಾಗಿದ್ದಾನೆ.

ಅದೇ ದಿನ, ಸಂಜೆ

ಇವರು ಬಂದರು. ಹೇಳಿದೆ. ರಿಮೋಟ್ ಕೈಗೆ ತೆಗೆದುಕೊಂಡು, ಚಹಾ ಮಾಡು ಎಂದರು. ಚಹಾ ತರುವಷ್ಟರಲ್ಲಿ ಪರದೆಯ ಮೇಲೆ ಪತ್ತೇದಾರ ಕೋಟು ಹಾಕಿಕೊಳ್ಳುತ್ತಿದ್ದ.

“ನನ್ನ ಕೈಗೆ ಓಡುತ್ತಲ್ಲ,” ಎಂದರು. ಆಮೇಲೆ ನ್ಯೂಸ್ ಹಾಕಿದರು.

ಪ್ರತಿ ಸಲವೂ ಹೀಗೇ. ನಾನೇ ಏನೋ ತಪ್ಪು ಮಾಡುತ್ತಿರಬೇಕು. ಏನು ಅಂತ ಗೊತ್ತಾಗುತ್ತಿಲ್ಲ.

ಮಾರ್ಚ್ 5, ಬುಧವಾರ

ಡಾಕ್ಟರಮ್ಮ ಕರೆದು ಕೂರಿಸಿದರು. ಊರಿನ ಆ ಕಡೆ ಹೊಸ ಬ್ರಾಂಚ್. ಅವರು ಅಲ್ಲಿಗೆ ವಾರಕ್ಕೊಂದು ಸಲ ಮಾತ್ರ ಬರುವುದು. ಉಳಿದ ದಿನ ಎಲ್ಲ ನಾನೇ. ತಪಾಸಣೆ, ನಂಬರು, ಇಬ್ಬರು ಹುಡುಗಿಯರ ಮೇಲೆ ಉಸ್ತುವಾರಿ. ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಇಲ್ಲದಿದ್ದರೆ ಹೊರಗಿನವರನ್ನು ತರುತ್ತಾರೆ.

ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. “ಒಂದು ಪ್ಲೇಯರ್ ಆನ್ ಮಾಡೋಕೆ ಬರಲ್ಲ, ಬ್ರಾಂಚ್ ನಡೆಸ್ತೀಯಾ?”

ಅತ್ತೆ ನಕ್ಕರು. ನಾನೂ ನಕ್ಕೆ. ನಾನು ಯಾಕೆ ನಕ್ಕೆ?

ಮಾರ್ಚ್ 11, ಮಂಗಳವಾರ

ಇವತ್ತು ಹಟ ಹಿಡಿದು ಕೂತೆ. ಕಂಪನಿಯ ವೆಬ್‌ಸೈಟಿನಿಂದ ಹೊಸ ಸಾಫ್ಟ್‌ವೇರ್ ಇಳಿಸಿ, ಪೆನ್‌ಡ್ರೈವಿಗೆ ಹಾಕಿ, ಪ್ಲೇಯರಿಗೆ ಚುಚ್ಚಿದೆ. ಅದು ತಾನೇ ಆಫ್ ಆಗಿ ತಾನೇ ಆನ್ ಆಯಿತು. ಒಳಗಿನ ಮಸೂರ ಒರೆಸುವ, ಸಣ್ಣ ಕುಂಚ ಅಂಟಿಸಿದ ಡಿಸ್ಕ್ ಕೂಡ ತಂದಿದ್ದೆ. ಓಡಿಸಿದೆ. ಮ್ಯಾನ್ಯುಯಲ್ಲನ್ನು ಪರೀಕ್ಷೆಗೆ ಓದುವ ಹಾಗೆ ಓದಿದೆ. ರೀಜನ್ ಕೋಡ್ ಅಂತ ಒಂದು ಭಾಗ. ಜಗತ್ತನ್ನು ಮೂರು ಪಾಲು ಮಾಡಿದ್ದಾರಂತೆ, ಒಂದು ಪಾಲಿಗೆಂದು ಮಾಡಿದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡುವುದಿಲ್ಲವಂತೆ. ಅದು ನನ್ನ ತೊಂದರೆಯಲ್ಲ ಎಂದು ಪುಟ ತಿರುವಿದೆ. ಈ ಸೆಟ್ ಜನವರಿಯಲ್ಲಿ ಓಡಿದೆಯಲ್ಲ.

ಓಡಲಿಲ್ಲ.

ಇವರು ಸಂಜೆ ಬಂದು ಓಡಿಸಿದರು. ನಾನು ಆಗ ಅಡುಗೆಮನೆಯಲ್ಲಿ. ಆಮೇಲೆ ನನ್ನ ಕೈ ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದರು. “ನಿನ್ನ ಬೆರಳಲ್ಲೇ ಏನೋ ಇದೆ. ಎಣ್ಣೆ ಜಾಸ್ತಿ.” ಮೆಲ್ಲಗೆ, ಅನುಕಂಪದಿಂದ ಎಂಬಂತೆ.

ಇವರ ಕೆಲಸ ವಿಮಾ ಕಂಪನಿಯಲ್ಲಿ. ಯಾರ ಮನೆ ಸುಟ್ಟರೂ, ಯಾರ ಗಾಡಿ ಗುದ್ದಿದರೂ, ತಪ್ಪು ಅವರದೇ ಎಂದು ತೋರಿಸಿದರೆ ಸಂಬಳ. ಇದನ್ನು ಬರೆಯಬಾರದಿತ್ತು. ಅನ್ಯಾಯದ ಮಾತು. ಇರಲಿ ಬಿಡು.

ಮಾರ್ಚ್ 14, ಶುಕ್ರವಾರ

ಬಟ್ಟೆ ಹೊಲಿಯುವ ಆಕೆ ಕನ್ನಡಕ ವಾಪಸ್ ತಂದರು. ಹೋದ ಬುಧವಾರ ನಾನೇ ನಂಬರು ಕೊಟ್ಟದ್ದು. ಕೌಂಟರಿನ ಮೇಲೆ ಟಕ್ ಎಂದು ಇಟ್ಟು, ಕಾಯುತ್ತಿದ್ದವರಿಗೆಲ್ಲ ಕೇಳುವಂತೆ:

“ಹಳೇದ್ರಲ್ಲಿ ಸೂಜಿ ಮಬ್ಬಾಗಿ ಕಾಣ್ತಿತ್ತು. ನಿಮ್ಮ ಹೊಸದ್ರಲ್ಲಿ ಎರಡು ಸೂಜಿ ಕಾಣುತ್ತೆ. ಯಾವುದಕ್ಕೆ ದಾರ ಪೋಣಿಸ್ಲಿ, ನೀವೇ ಹೇಳಿಬಿಡಿ ತಾಯಿ.”

ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಮತ್ತೆ ನೋಡಿದೆ. ನನ್ನ ಮೊದಲ ಲೆಕ್ಕವೇ ಸರಿಯಿತ್ತು. ಅವತ್ತು ಅದನ್ನು ಬರೆದೂ ಇದ್ದೆ. ಆಮೇಲೆ ನಂಬಿಕೆಯಾಗದೆ ‘ಇದು ಸ್ಪಷ್ಟವೋ, ಇದೋ’ ಎಂದು ಗಾಜು ಬದಲಾಯಿಸಿ ಬದಲಾಯಿಸಿ ಕೇಳಿ, ಆಕೆಯ ತಲೆ ಕೆಡಿಸಿ, ಸುಸ್ತಾಗಿ ಹೇಳಿದ ಉತ್ತರವನ್ನು ಹಿಡಿದುಕೊಂಡಿದ್ದೆ. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಹೀಗೆ ಆಗಿರಲಿಲ್ಲ. ಆಕೆಗೆ ನಂಬರು ಕೊಟ್ಟದ್ದರ ಹಿಂದಿನ ಸಂಜೆ ನನ್ನ ಕೈಗೆ ಓಡದ ಡಿಸ್ಕ್ ಇವರ ಕೈಗೆ ಓಡಿತ್ತು.

ಅದಕ್ಕೂ ಇದಕ್ಕೂ ಸಂಬಂಧವಿದೆಯೇ? ಇದೆ ಎನ್ನುವುದೂ ನೆಪವೇ ಇರಬಹುದು.

ಡಾಕ್ಟರಮ್ಮ ಬ್ರಾಂಚಿನ ಸುದ್ದಿ ಎತ್ತಲಿಲ್ಲ. ಬೇಡ ಎಂದು ಹೇಳಿಬಿಡುವುದೇ ಮೇಲು. ಒಬ್ಬಳೇ ಕೂತು ಯಾರಿಗೋ ಎರಡು ಸೂಜಿ ತೋರಿಸುವುದಕ್ಕಿಂತ.

ಮಾರ್ಚ್ 18, ಮಂಗಳವಾರ

ಡಿಸ್ಕ್ ಒರೆಸುತ್ತ ಕೂತಿದ್ದೆ. ಅತ್ತೆ ಎದ್ದು ಬಂದು ಬಾಗಿಲಿಗೆ ಒರಗಿ ನಿಂತರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.

“ಅದರ ಚರ್ಮ ಸುಲಿದು ಹೋಗುತ್ತೆ, ಬಿಡು.”

ಓಡುತ್ತಿಲ್ಲ ಎಂದೆ. ಅವರು ಸೋಫಾದಲ್ಲಿ ಕೂತು, ಮಂಡಿ ನೀವಿಕೊಳ್ಳುತ್ತ, ಮಾವನವರ ರೇಡಿಯೋದ ಕಥೆ ಹೇಳಿದರು. ಮಾವ ಆಫೀಸಿಗೆ ಹೊರಟ ಕೂಡಲೇ ರೇಡಿಯೋ ಸತ್ತುಹೋಗುತ್ತಿತ್ತಂತೆ. ಸಂಜೆ ಬಂದು ಮುಟ್ಟಿದರೆ ಹಾಡುತ್ತಿತ್ತಂತೆ. ಅತ್ತೆ ಅದನ್ನು ಬಿಸಿಲಿಗಿಟ್ಟರು, ತಟ್ಟಿದರು, ಬೈದರು. ಎಷ್ಟೋ ವರ್ಷದ ಮೇಲೆ ಒಂದು ದಿನ ಬಟ್ಟೆ ಒಗೆಯುವಾಗ ಮಾವನ ಪ್ಯಾಂಟಿನ ಜೇಬಿನಲ್ಲಿ ಫ್ಯೂಸ್ ಸಿಕ್ಕಿತು. ದಿನಾ ಕಿತ್ತು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು.

“ನೀವೇನು ಮಾಡಿದಿರಿ?”

“ಜೇಬಲ್ಲೇ ಬಿಟ್ಟೆ, ಒಗೆದು ಹಾಕಿದೆ. ಅವರಿಗೂ ಗೊತ್ತಾಯ್ತು, ನನಗೂ ಗೊತ್ತಾಯ್ತು. ಹಾಡು ಬೇಕು ಅನ್ನಿಸಿದಾಗ ನಾನೇ ಹಾಡಿಕೊಂಡೆ.”

ನಕ್ಕು ಒಳಗೆ ಹೋದರು. ಸುಮ್ಮನೆ ಹೇಳಿದ ಕಥೆಯೋ, ಹೇಳಲೆಂದೇ ಎದ್ದು ಬಂದದ್ದೋ. ಡಿಸ್ಕ್ ಕೆಳಗಿಟ್ಟೆ. ಇಷ್ಟು ದಿನ ಡಿಸ್ಕನ್ನು ನೋಡಿದೆ, ಪ್ಲೇಯರನ್ನು ನೋಡಿದೆ. ಇವರ ಕೈಯನ್ನು ಒಮ್ಮೆಯೂ ನೋಡಿಲ್ಲ.

ಮಾರ್ಚ್ 20, ಗುರುವಾರ

ಇವರು ಬರುವ ಮೊದಲೇ ಚಹಾ ಮಾಡಿ ಫ್ಲಾಸ್ಕಿನಲ್ಲಿಟ್ಟೆ.

ಡಿಸ್ಕ್ ಹಾಕಿಕೊಡಿ ಎಂದೆ. ಚಹಾ ಎಂದರು. ಸರಿ ಎಂದು ಹೋಗಿ ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಇವರ ಡಿಸ್ಕ್‌ಗಳ ಕಪಾಟಿಗೆ ಗಾಜಿನ ಬಾಗಿಲು. ಅಕ್ಷರ ಕ್ರಮದಲ್ಲಿ ನಿಂತ ಡಬ್ಬಿಗಳ ಮೇಲೆ ಇವರ ಪ್ರತಿಬಿಂಬ ನಿಚ್ಚಳವಾಗಿ ಕಾಣುತ್ತಿತ್ತು. ಟ್ರೇ ತೆರೆದರು. ಡಿಸ್ಕ್ ಹಾಕುವ ಮೊದಲು ಖಾಲಿ ಟ್ರೇಯ ಎದುರು ರಿಮೋಟಿನಲ್ಲಿ ಐದಾರು ಗುಂಡಿ ಒತ್ತಿದರು. ಟೈಪಿಸ್ಟನ ಹಾಗೆ, ನೋಡದೆ. ಆಮೇಲೆ ಡಿಸ್ಕ್. ಓಡಿತು.

ಫೋನಿನಲ್ಲಿ ಪ್ಲೇಯರಿನ ಮಾಡೆಲ್ ನಂಬರು ಹಾಕಿ ಹುಡುಕಿದೆ. ಮೊದಲ ಪುಟದಲ್ಲೇ ಇತ್ತು. ಟ್ರೇ ತೆರೆದಿಟ್ಟು ಇಂತಿಂಥ ಗುಂಡಿ ಒತ್ತಿದರೆ ರೀಜನ್ ಬದಲಾಗುತ್ತದೆ. ಇವರು ಫೆಬ್ರವರಿಯಲ್ಲಿ ಹೊರದೇಶದಿಂದ ತರಿಸಿದ ಹೊಸ ಡಿಸ್ಕ್‌ಗಳು ಬೇರೆ ರೀಜನ್ನಿನವು. ಅವಕ್ಕೆ ಬದಲಾಯಿಸಿಕೊಂಡು ಹಾಗೇ ಬಿಟ್ಟಿರುತ್ತಾರೆ. ನನಗೆ ಓಡಿಸಿ ತೋರಿಸುವಾಗ ಇತ್ತ ತಿರುಗಿಸುತ್ತಾರೆ. ಆಮೇಲೆ ಮತ್ತೆ ಅತ್ತ.

ಚಹಾ ಇಟ್ಟು ಕೇಳಿದೆ.

“ನನ್ನ ಡಿಸ್ಕಿಗೆ ರೀಜನ್ ಬದಲಾಯಿಸಬೇಕು ಅಂತ ನಿಮಗೆ ಗೊತ್ತಿತ್ತಾ?”

“ಅಷ್ಟೂ ಗೊತ್ತಿಲ್ಲದೆ ಇರುತ್ತಾ?”

“ಮತ್ತೆ ಹೇಳಲಿಲ್ಲ ಯಾಕೆ? ವಾರಗಟ್ಟಲೆ ಒರೆಸಿದೀನಿ ಅದನ್ನ.”

“ನೀನು ಕೇಳಲಿಲ್ಲ. ಓಡ್ತಿಲ್ಲ ಅಂದೆ, ಓಡಿಸಿ ಕೊಟ್ಟೆ. ಹೇಗೆ ಅಂತ ಒಂದು ದಿನ ಕೇಳಿದೀಯಾ?”

“ನನ್ನ ಬೆರಳಲ್ಲಿ ಎಣ್ಣೆ ಅಂದ್ರಿ.”

“ತಮಾಷೆಗೂ ಅಳೋಳು ನೀನು.”

ನಾನು ಅತ್ತಿರಲಿಲ್ಲ. ಎರಡು ಸಲ ಕಣ್ಣು ಮುಟ್ಟಿ ನೋಡಿಕೊಂಡೆ.

ಹೇಗೆ ಅಂತ ಕೇಳಲಿಲ್ಲ ನಿಜ. ಆ ಮಾತು ಸುಳ್ಳಲ್ಲ. ಸುಳ್ಳಲ್ಲದ ಮಾತನ್ನೇ ಹುಡುಕಿ ಆಡುತ್ತಾರೆ.

ಮಾರ್ಚ್ 25, ಮಂಗಳವಾರ

ನಾನೇ ಗುಂಡಿ ಒತ್ತಿದೆ. ನನ್ನ ಕೈಗೇ ಓಡಿತು. ಕೊಲೆಗಾರ ಮನೆಯ ಲಾಯರು. ಸಂತೋಷವಾಗಲಿಲ್ಲ. ಡಿಸ್ಕ್ ಮುಗಿದ ಮೇಲೂ ರಿಮೋಟ್ ಕೆಳಗಿಡಲಿಲ್ಲ. ಸೆಟಿಂಗ್ಸ್ ಒಳಗೆ ಹೊಕ್ಕೆ, ಅಲ್ಲಿಂದ ಇನ್ನೂ ಒಳಗೆ. ಟಿವಿಗೆ ಹೋಗುವ ಶಬ್ದವನ್ನು ಪ್ಲೇಯರಿನಲ್ಲೇ ನಿಲ್ಲಿಸುವ ಒಂದು ಸಾಲಿದೆ. ಆನ್, ಆಫ್. ಇವರಿಗೆ ಗೊತ್ತಿರುವುದು ರೀಜನ್ ಬದಲಾಯಿಸುವ ಒಂದು ವಿದ್ಯೆ ಮಾತ್ರ. ಮ್ಯಾನ್ಯುಯಲ್ ಓದಿದವಳು ನಾನು.

ಭಾನುವಾರ ಇವರ ಆಫೀಸಿನ ಇಬ್ಬರು ಡಿಸ್ಕ್ ನೋಡಲು ಬರುತ್ತಾರೆ.

ಮಾರ್ಚ್ 30, ಭಾನುವಾರ

ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ಆಫ್ ಮಾಡಿದೆ.

ಸ್ನೇಹಿತರು ಬಂದರು. ಇವರು ಮೊದಲು ಚಿತ್ರದ ಸ್ಪಷ್ಟತೆಯ ಬಗ್ಗೆ ಭಾಷಣ ಮಾಡಿ, ಆಮೇಲೆ ಪ್ಲೇ ಒತ್ತಿದರು. ಕಟ್ಟಡಗಳು ಸಿಡಿದವು, ಜನ ಬಾಯಿ ತೆರೆದು ಓಡಿದರು. ಸದ್ದಿಲ್ಲ. ಟಿವಿಯ ವಾಲ್ಯೂಮ್ ಏರಿಸಿದರು. ಕೇಬಲ್ ಬದಲಾಯಿಸಿದರು. ಟಿವಿಯ ಹಿಂದೆ ಅಂಬೆಗಾಲಿಟ್ಟು ಹೋಗಿ ಧೂಳು ಮೆತ್ತಿಕೊಂಡು ಬಂದರು. ಡಿಸ್ಕ್ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ನಡುವಿನಿಂದ ಅಂಚಿಗಲ್ಲ, ಸುತ್ತ ಸುತ್ತ! ಸ್ನೇಹಿತರು ಒಂದೊಂದು ಸಲಹೆ ಕೊಟ್ಟರು, ಆಮೇಲೆ ಕೊಡುವುದನ್ನು ಬಿಟ್ಟು ಫೋನು ನೋಡಿದರು. ಇವರ ಕಿವಿ ಕೆಂಪಾಗಿತ್ತು.

ನಾನು ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

“ಬೆರಳಲ್ಲಿ ಎಣ್ಣೆ ಇದೆಯಾ ನೋಡಿಕೊಳ್ಳಿ,” ಎಂದೆ.

ಸ್ನೇಹಿತರು ಗೊಳ್ಳೆಂದು ನಕ್ಕರು. ಹೊಟ್ಟೆಯೊಳಗೆ ಬೆಚ್ಚಗಾಯಿತು. ಇಷ್ಟು ಚೆನ್ನಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಒದ್ದಾಡಲಿ ಅನ್ನಿಸಿತು. ಮುಂದಿನ ಸಲ ಏನು ಆಫ್ ಮಾಡಬಹುದು ಎಂದು ಆಗಲೇ ಮನಸ್ಸು ಲೆಕ್ಕ ಹಾಕುತ್ತಿತ್ತು.

ಆಗ ಅತ್ತೆ ನನ್ನ ಕಡೆ ನೋಡಿದರು. ಅವರಿಗೆ ಗೊತ್ತಾಗಿಹೋಗಿತ್ತು. ನನ್ನನ್ನೇ ನೋಡುತ್ತ ನಕ್ಕರು. ಈ ಮನೆಗೆ ಬಂದು ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನು ಮನೆಯವಳು ಎಂದು ಒಪ್ಪಿಕೊಂಡ ನಗು.

ತಟ್ಟೆ ಮೇಜಿನ ಮೇಲಿಟ್ಟು ಒಳಗೆ ಹೋದೆ.

ಮಾರ್ಚ್ 31, ಸೋಮವಾರ

ಎದ್ದ ಕೂಡಲೇ ಶಬ್ದ ಆನ್ ಮಾಡಿದೆ.

ಡಾಕ್ಟರಮ್ಮನ ಕೋಣೆಗೆ ಹೋಗಿ ಹೂಂ ಎಂದೆ. ಬಟ್ಟೆ ಹೊಲಿಯುವಾಕೆಯ ವಿಷಯ ನಾನೇ ಎತ್ತಿದೆ. “ತಪ್ಪು ಯಾರು ಮಾಡಲ್ಲ? ನೀವು ಅದನ್ನ ಯಾರ ಮೇಲೂ ಹಾಕಲಿಲ್ಲ, ಮತ್ತೆ ನೋಡಿ ಸರಿ ಮಾಡಿದ್ರಿ. ನನಗೆ ಅಷ್ಟು ಸಾಕು,” ಎಂದರು. ನಂಬಿದೆನೋ ಇಲ್ಲವೋ. ಆದರೆ ಮತ್ತೊಮ್ಮೆ ಹೇಳಿ ಎಂದು ಕೇಳಲಿಲ್ಲ.

ಸಂಜೆ ಮನೆಯಲ್ಲಿ ಎರಡೂ ಹೇಳಿದೆ. ಬ್ರಾಂಚು ಒಪ್ಪಿಕೊಂಡೆ ಎಂದೂ, ನಿನ್ನೆ ಶಬ್ದ ನಿಲ್ಲಿಸಿದ್ದು ನಾನೇ ಎಂದೂ. ಇವರು ಬ್ರಾಂಚಿನ ವಿಷಯ ಕೇಳಿಸಿಕೊಳ್ಳಲೇ ಇಲ್ಲ.

“ಸ್ನೇಹಿತರ ಮುಂದೆ,” ಎಂದರು. “ನನ್ನನ್ನ. ಬೇಕೂಂತ.”

“ಹೌದು, ಬೇಕೂಂತ. ಮತ್ತೆ ಮಾಡಲ್ಲ. ಮಾಡೋಕೆ ನನಗೆ ಪುರುಸೊತ್ತೂ ಇರಲ್ಲ.”

ಅತ್ತೆ ಬಟಾಣಿ ಸುಲಿಯುತ್ತಿದ್ದವರು ನನ್ನ ಕಡೆ ನೋಡಲಿಲ್ಲ. ಹೇಳಿ ಕೆಡಿಸಿದೆ ಎನ್ನುವಂತೆ ಮುಖ ಬಿಗಿದುಕೊಂಡಿದ್ದರು.

ಏಪ್ರಿಲ್ 14, ಸೋಮವಾರ, ಬೆಳಿಗ್ಗೆ

ಎರಡು ವಾರದಿಂದ ಇವರದು ನನ್ನೊಡನೆ ಅಗತ್ಯಕ್ಕೆ ಮಾತ್ರ ಮಾತು. ಬಾಗಿಲು ಹಾಕು, ಗ್ಯಾಸ್ ಬಂತಾ, ಅಷ್ಟೆ. ಮನೆ ಕ್ಲಿನಿಕ್ಕಿನ ಕತ್ತಲೆ ಕೋಣೆಯ ಹಾಗಾಗಿದೆ. ವಿಚಿತ್ರವೆಂದರೆ ನಿದ್ದೆ ಚೆನ್ನಾಗಿ ಬರುತ್ತಿದೆ.

ಇವತ್ತು ಬ್ರಾಂಚು ತೆರೆಯುವ ದಿನ. ಬೀಗದ ಕೈ ನನ್ನ ಹತ್ತಿರ. ಮೊದಲ ಹೆಸರು ಒಂಬತ್ತೂವರೆಗೆ ಬರೆಸಿದ್ದಾರೆ, ಒಬ್ಬ ಬಸ್ ಡ್ರೈವರ್. ಅವನಿಗೆ ಒಂದೇ ರಸ್ತೆ ಕಾಣುವಂತೆ ನೋಡಿಕೊಳ್ಳಬೇಕು.

ಇವರು ರಜೆ ಹಾಕಿದ್ದಾರೆ. ನಡುಮನೆಯಿಂದ ಕರೆಯುತ್ತಿದ್ದಾರೆ. ಟ್ರೇ ತೆರೆಯುತ್ತಿಲ್ಲವಂತೆ, ಒಳಗೆ ಹೊಸ ಡಿಸ್ಕ್ ಸಿಕ್ಕಿಕೊಂಡಿದೆಯಂತೆ. ಏನು ಮಾಡಿಟ್ಟು ಹೋಗ್ತಿದೀಯ, ಹೇಳಿ ಹೋಗು ಎನ್ನುತ್ತಿದ್ದಾರೆ. ಈ ಸಲ ನಿಜವಾಗಿಯೂ ನಾನು ಮುಟ್ಟಿಲ್ಲ. ಹೇಳಿದರೆ ನಂಬುವುದಿಲ್ಲ, ನಂಬಬೇಕಾದ ಕಾರಣವನ್ನು ನಾನೇ ಕೆಡಿಸಿಕೊಂಡಿದ್ದೇನೆ. ಮುಂಭಾಗದಲ್ಲಿ ಒಂದು ಸಣ್ಣ ತೂತಿದೆ, ಪಿನ್ ಚುಚ್ಚಿದರೆ ಟ್ರೇ ಹೊರಗೆ ಬರುತ್ತದೆ. ಮ್ಯಾನ್ಯುಯಲ್ಲಿನಲ್ಲಿ ಚಿತ್ರವೇ ಇದೆ. ಕೂಗಿ ಹೇಳಿದೆ. ಬಂದು ಮಾಡಿಕೊಡು ಎನ್ನುತ್ತಿದ್ದಾರೆ.

ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಬಸ್ಸಿಗೆ ಇನ್ನೂ ಹೊತ್ತಿದೆ, ಐದು ನಿಮಿಷದ ಕೆಲಸ, ಮಾಡಿಕೊಟ್ಟೇ ಹೋಗಬಹುದಿತ್ತು, ಆದರೆ ಹೇಗೆ ಅಂತ ಹೇಳಿಯಾಗಿದೆ. ಹೊರಟೆ.