ಗೋಡೆಯ ಮೇಲಿನ ಕೆಂಪು ಚೀಲ

ಕೊಪ್ಪಳದ ಒಳನೆಲೆ
ಕ್ರಿಸ್ತಶಕ ೨೬೪೧, ಹದಿಮೂರನೆಯ ತಿಂಗಳ ಮೂವತ್ತೆರಡನೆಯ ದಿನ

ಧೂಳಿನ ಕಾಲದ ಹಿರಿಯರಿಗೆ,

ನನ್ನ ತಾರೀಖೂ ಮಾತೂ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ಹಳೆಯ ಬರಹಗಳಿಂದ ಕಲಿತೆ. ಅದರಲ್ಲಿ ಜಗಳವಾಡಲು ಈಗ ಮನೆಯಲ್ಲಿ ಯಾರೂ ಇಲ್ಲದ್ದರಿಂದ ರೂಢಿ ತಪ್ಪಿದೆ. ಹೆಸರು ನೀಲಗಂಗಾ. ಕೆಲಸ, ಹುಳುವಾಗಿದ್ದಾಗ ಮೈಮೇಲೆ ಚೀಲ ಹೊರುವ ಪತಂಗಗಳ ವರ್ಗೀಕರಣ.

ನಾವಿರುವುದು ನಿರ್ಧೂಳಿಗಳಲ್ಲಿ, ಅಂದರೆ ಹೊರಗಿನ ಧೂಳುಗಾಳಿ ನುಗ್ಗದಂತೆ ಮುಚ್ಚಿದ ಮನೆಗಳಲ್ಲಿ. ಪ್ರತಿ ಬೆಳಗ್ಗೆ ಗೋಡೆಯೊಳಗಿನ ಗಾಳಿಜರಡಿ ಗುಂಯ್ ಎನ್ನುತ್ತ ಕೂದಲು, ನೂಲಿನ ಎಳೆ, ಉಗುರಿನ ಚೂರು ಎಲ್ಲವನ್ನೂ ಹೀರಿಕೊಳ್ಳುತ್ತದೆ. ಅದು ನಿಂತ ಮೇಲೆ ಇಲ್ಲಿ ಯಾರೋ ಬದುಕಿದ್ದಾರೆ ಎಂಬುದಕ್ಕೆ ಗುರುತೇ ಇರುವುದಿಲ್ಲ.

ನನ್ನ ಮೇಜಿನ ಮೇಲಿರುವವೆಲ್ಲ ನಿಮ್ಮ ಕಾಲದ ಒಣ ಮಾದರಿಗಳು. ಎಲೆ ಕತ್ತರಿಸಿ ಚೀಲ ಮಾಡಿಕೊಳ್ಳುವವು ಒಂದು ಕುಟುಂಬ. ಕಡ್ಡಿ ಜೋಡಿಸಿಕೊಂಡು ಜೋತಾಡುವವು ಇನ್ನೊಂದು. ಅವುಗಳಲ್ಲಿ ಎಷ್ಟೋ ಹೆಣ್ಣುಗಳಿಗೆ ರೆಕ್ಕೆಯೇ ಮೂಡದೆ ಚೀಲದೊಳಗೇ ಆಯುಷ್ಯ ಮುಗಿಯುತ್ತದೆ. ಮತ್ತೊಂದು ನಿಮ್ಮ ಬಚ್ಚಲುಮನೆಯ ಗೋಡೆಯದು: ಸೌತೆಬೀಜದಂಥ ಬೂದು ಚೀಲ, ಎರಡೂ ತುದಿಗೆ ಬಾಗಿಲು, ಬಟ್ಟೆ ತಿನ್ನುವ ನುಸಿಯ ಬಳಗ. ಚೀಲ ಹೊತ್ತವೆಲ್ಲ ಹತ್ತಿರದ ನೆಂಟರಲ್ಲ. ಒಂದೊಂದು ಬಳಗವೂ ತನ್ನಷ್ಟಕ್ಕೆ ಈ ಉಪಾಯ ಕಂಡುಕೊಂಡಿತು. ಇದನ್ನು ಬರೆಯುವಾಗಲೆಲ್ಲ ನನಗೇಕೋ ಬೇಸರವಾಗುತ್ತದೆ.

ನನ್ನ ಗಂಡ ಸೋಮನಿಂಗ ಹೊರಗಿನ ಗಾಳಿಕೊಳವೆಗಳನ್ನು ರಿಪೇರಿ ಮಾಡುತ್ತಿದ್ದ. ಹೋಗುವಾಗ ಪೂರ್ವಿಕರಿಂದ ಬಂದ ಕೆಂಪು ಉಣ್ಣೆಯ ಸ್ವೆಟರ್ ತೊಡುತ್ತಿದ್ದ. "ಕೆಂಪಂದ್ರ ದೂರದಿಂದನ ಕಾಣ್ತದ. ನೀ ನನ್ನ ಹುಡುಕೂದು ಬ್ಯಾಡ," ಎಂದು ನಗುತ್ತಿದ್ದ. ಒಂದು ದಿನ ಸೆಕೆಯೆಂದು ಅದನ್ನು ಬಿಟ್ಟು ಹೋದ. ಧೂಳೆದ್ದಿತು. ಎಷ್ಟು ಹುಡುಕಿದರೂ ಸಿಗಲಿಲ್ಲ.

ಹೋದ ತಿಂಗಳು ತಗಡಿನ ಪೆಟ್ಟಿಗೆ ತೆರೆದು ಸ್ವೆಟರ್ ಬಿಡಿಸಿದರೆ ತೋಳಿನಲ್ಲಿ ತೂತು! ಕೆಟ್ಟ ಸಿಟ್ಟು ಬಂತು. ತೂತಿನ ಅಂಚಿನಲ್ಲಿ ಒಂದು ಚೀಲ, ಅದೇ ಉಣ್ಣೆಯದು, ಪೂರ್ತಿ ಕೆಂಪು. ನೋಡುತ್ತಿದ್ದಂತೆ ಒಂದು ತುದಿಯಿಂದ ತಲೆ ಹೊರಬಂತು. ನನ್ನ ಉಸಿರು ತಾಗಿದ್ದೇ ಒಳಗೇ ಹೊರಳಿ ಇನ್ನೊಂದು ತುದಿಯಿಂದ ಇಣುಕಿತು. ಗಾಳಿಜರಡಿ ಪೆಟ್ಟಿಗೆಯೊಳಕ್ಕೆ ತಲುಪದು. ಅಲ್ಲಿ ಎಷ್ಟು ತಲೆಮಾರು ಬದುಕಿದ್ದವೋ. ಪೆಟ್ಟಿಗೆಯ ತಳದಲ್ಲಿದ್ದ ಉಳಿದ ಚೀಲಗಳೆಲ್ಲ ಖಾಲಿ. ಇದೊಂದೇ ಜೀವಂತ.

ಈ ಬಳಗ ಅಳಿದೇಹೋಯಿತೆಂದು ಬರೆದುಕೊಂಡಿರುವ ಜೀವಮಂಡಳಿಗೆ ತಿಳಿಸಿದರೆ ನನ್ನ ಹೆಸರು ಉಳಿಯುತ್ತದೆ. ಆದರೆ ಬರೀ ಚೀಲ ನೋಡಿ ಜಾತಿ ಖಚಿತವಾಗದು. ರೆಕ್ಕೆ ಬಂದ ಮೇಲೆ ಕೊಂದು, ಹೊಟ್ಟೆಯ ತುದಿಯ ಅಂಗಗಳನ್ನು ಬಿಡಿಸಿ ನೋಡಬೇಕು. ನಾನು ಕಲಿತ ವಿದ್ಯೆಯೇ ಅದು. ಈಗ ಕೈ ಏಳುತ್ತಿಲ್ಲ. ತಿಳಿಸುವುದಿಲ್ಲ. ಅದನ್ನು ಮಲಗುವ ಕೋಣೆಯಲ್ಲಿ ಬಿಟ್ಟು, ಹೀರಿಕೊಳ್ಳದಿರಲೆಂದು ಅಲ್ಲಿನ ಜರಡಿಗೆ ಬಟ್ಟೆ ತುರುಕಿದ್ದೇನೆ. ಧೂಳು ಕೂರುತ್ತಿದೆ, ನನಗೆ ಕೆಮ್ಮು ಹತ್ತಿದೆ. ರೆಕ್ಕೆ ಬಂದರೂ ಅದಕ್ಕೆ ಜೊತೆಯಿಲ್ಲ, ಗೊತ್ತು. ನನಗೂ ಇಲ್ಲವಲ್ಲ.

ನಿಮ್ಮಲ್ಲಿ ಒಂದೇ ಕೇಳಿಕೆ. ಹಬ್ಬಕ್ಕೆಂದು ಮನೆ ಗುಡಿಸುವಾಗ ಒಂದು ಮೂಲೆಯನ್ನು ಹಾಗೇ ಬಿಡಿ. ಆ ಬೂದು ಚೀಲದಲ್ಲಿ ನಿಮ್ಮವರ ತಲೆಗೂದಲು, ಸೀರೆಯ ಎಳೆ, ಅಂಗಳದ ಮರಳು ಇರುತ್ತವೆ. ಮುಂದೆ ಅವನ್ನು ಹೊತ್ತು ತಿರುಗುವವರು ಬೇರೆ ಯಾರೂ ಸಿಗರು.

ಇಷ್ಟು ಬರೆದು ತಲೆಯೆತ್ತಿದೆ. ಎದುರಿನ ಬಿಳಿ ಗೋಡೆಯ ಮೇಲೆ ಅದು ಹೊರಟಿದೆ; ಎಳೆದುಕೊಂಡು, ನಿಂತು, ಮತ್ತೆ ಎಳೆದುಕೊಂಡು. ಕನ್ನಡಕವಿಲ್ಲದೆಯೂ ಇಲ್ಲಿಂದಲೇ ಕಾಣುತ್ತದೆ. ಹುಡುಕಬೇಕಾಗಿಲ್ಲ.

ನೀಲಗಂಗಾ