ಕೊಲ್ಹಾಪುರದ ಖಾನಾವಳಿಯಲ್ಲಿ ಸಿಕ್ಕವಳು

ಅವ್ವಾ,

ನಾನು, ನಿನ್ನ ಬಾಬು. ಗಡಹಿಂಗ್ಲಜದ ನಮ್ಮ ಮನೆಯ ಪಡಸಾಲೆಯಲ್ಲೇ ಕೂತಿದ್ದೇನೆ. ನೀನು ಹೋದ ಮೇಲೆ ನಿನಗೆ ಹೇಳುವಂಥದ್ದು ಏನೂ ಉಳಿದಿಲ್ಲ ಅಂದುಕೊಂಡಿದ್ದೆ. ಆದರೆ ಈ ದೀಪಾವಳಿಗೆ ಆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಇಚಲಕರಂಜಿಯ ಮಗ್ಗದ ಕಾರ್ಖಾನೆಗೆ ಹಬ್ಬದ ರಜೆ ಬಿದ್ದಾಗ, ಜೊತೆಗೆ ನೇಯುವ ದಾದು, ಮಲ್ಲು ಇಬ್ಬರೂ ನನ್ನ ಬೆನ್ನುಬಿದ್ದರು. "ಅವ್ವ ಹೋದಾಗಿಂದ ಮಾರಿ ಇಳಿಬಿಟ್ಕೊಂಡ ಕುಂತೀಯಲ್ಲೋ, ನಡಿ, ಕೊಲ್ಹಾಪುರಕ್ಕ ಹೋಗಿ ಕುಸ್ತಿ ನೋಡಿ ಬರೂಣು" ಅಂದ ಮಲ್ಲು. ಕುಸ್ತಿ ನೋಡಿದೆವು, ರಂಕಾಳ ಕೆರೆಯ ದಂಡೆ ಸುತ್ತಿದೆವು, ಹಸಿವು ತಾಳದೆ ಒಂದು ಓಣಿಯ ಖಾನಾವಳಿಗೆ ನುಗ್ಗಿದೆವು. ಗೋಡೆಗುಂಟ ಮಣೆ, ಮುಂದೆ ಹಿತ್ತಾಳೆ ತಾಟು. ಬಾಗಿಲ ಬಳಿ ಕೆಂಪು ರುಮಾಲಿನ ಮರಾಠಾ ಯಜಮಾನ. ಬಡಿಸುವವಳು ಅವನ ಹೆಂಡತಿ.

ಕಡಲೆಹಿಟ್ಟಿನ ಝುಣಕದ ಖಾರಕ್ಕೆ ದಾದು ಕೆಮ್ಮತೊಡಗಿದಾಗ ಆಕೆ, "ಸಾವಕಾಶ ಉಣ್ರೆಪಾ, ಯಾರೂ ಕಸಗೊಳ್ಳಾಂಗಿಲ್ಲ" ಅಂದಳು. ಮರಾಠಿ ಊರಿನಲ್ಲಿ ನಮ್ಮ ಕನ್ನಡ ಕೇಳಿ ಮೂವರೂ ನಕ್ಕೆವು. ಯಾವೂರು ಎಂದು ಕೇಳಿದಳು. ಗಡಹಿಂಗ್ಲಜ ಅಂದೆ. ರೊಟ್ಟಿ ಹಾಕುತ್ತಿದ್ದ ಕೈ ನಿಂತಿತು.

"ಅಲ್ಲಿ ಪದ್ಮವ್ವ ಅಂತ ಅದಾಳ. ಕುರುಂದವಾಡದಾಕಿ. ಗೊತ್ತೇನು?"

"ನಮ್ಮವ್ವ ರೀ ಆಕಿ."

ಆಕೆ ನನ್ನೆದುರು ಕುಕ್ಕರಗಾಲಲ್ಲಿ ಕೂತು ಮುಖವನ್ನೇ ನೋಡಿದಳು. "ಆರಾಮ ಅದಾಳಿಲ್ಲೋ?"

ಹೇಗೆ ಹೇಳಲಿ, ಅವ್ವಾ? "ಶ್ರಾವಣದಾಗ ಹೋದ್ಲು ರೀ. ಜ್ವರಾ ಬಂದು..."

ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆರಗು ಸರಿಸಿ, "ನಾ ಚಂಪಾ. ನಿಮ್ಮವ್ವನ ಬೆನ್ನಿಗೆ ಬಿದ್ದ ತಂಗಿ" ಅಂದಳು.

ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದೆ. ಚಂಪಾ ಚಿಕ್ಕವ್ವ, ನಾನು ಹುಟ್ಟುವ ಮೊದಲೇ ಕೃಷ್ಣೆಯ ಪೂರದಲ್ಲಿ ಕೊಚ್ಚಿಹೋದವಳಲ್ಲವೇ? ಪ್ರತಿ ಮಳೆಗಾಲ ನೀನು ನನ್ನ ಕೈಹಿಡಿದು ಕುರುಂದವಾಡದ ಘಾಟಿನ ಮೆಟ್ಟಿಲಿಳಿದು ಅವಳ ಹೆಸರಲ್ಲಿ ಹಸಿರು ಬಳೆ ನೀರಿಗೆ ಬಿಡುತ್ತಿದ್ದೆ. "ಇಟಗೊಳ್ಳೂ ವಯಸ್ಸಿನ್ಯಾಗ ಗಂಡ ಸತ್ತಾನಂತ ಬಳಿ ಒಡದ್ರು. ನೀರಾಗರೆ ಇಟಗೊಳ್ಳಲಿ" ಅನ್ನುತ್ತಿದ್ದೆ. ಅಂಥವೇ ಬಳೆ ಆಕೆಯ ಎರಡೂ ಕೈತುಂಬ. ಸತ್ತವರು ರೊಟ್ಟಿ ಬಡಿಸುತ್ತಾರೆಯೇ?

ಗಿರಾಕಿಗಳೆಲ್ಲ ಎದ್ದ ಮೇಲೆ ಒಲೆಯ ಪಕ್ಕ ಕೂರಿಸಿಕೊಂಡು ಹೇಳಿದಳು. ವಿಧವೆಯಾಗಿ ತವರಲ್ಲಿದ್ದಾಗ, ಸಂತೆಗೆ ಬೆಲ್ಲ ತರುತ್ತಿದ್ದ ಈ ಮನುಷ್ಯನನ್ನು ಮೆಚ್ಚಿ, ಹೊಳೆ ತುಂಬಿ ಬಂದ ಸಮಯದಲ್ಲಿ ಮನೆ ಬಿಟ್ಟಳಂತೆ. ಮಗಳು ಬೇರೆ ಜಾತಿಯವನ ಕೂಡ ಹೋದಳು ಅನ್ನಲಾರದೆ ಅಜ್ಜ, ಹೊಳೆಗೆ ಬಿದ್ದಳು ಎಂದು ಊರಿಗೆಲ್ಲ ಹೇಳಿದ. ಅಷ್ಟೇ ಆಗಿದ್ದರೆ... ಮುಂದೆ ಆಕೆ ನಿನ್ನನ್ನು ನೋಡಬೇಕೆಂದು ಹೇಳಿಕಳಿಸಿದಾಗ, ನಿನಗೆ ತಿಳಿಸದೆ ಅಜ್ಜನೇ ಕೊಲ್ಹಾಪುರಕ್ಕೆ ಬಂದಿದ್ದ.

"'ನಿನ್ನ ಮಾರಿ ನೋಡೂದಿಲ್ಲಂತ ನಿಮ್ಮಕ್ಕ ಆಣಿ ಮಾಡ್ಯಾಳ' ಅಂದ್ರು. ನಾ ನಂಬಿದೆ, ಬಾಬು. ಇಷ್ಟ ವರ್ಷ ಅಕ್ಕನ ಮ್ಯಾಲೆ ಸಿಟ್ಟ ಹಿಡಕೊಂಡ ಕುಂತೆ."

"ಚಿಕ್ಕವ್ವ, ನೀ ಬದುಕಿದ್ದೇ ಅವ್ವಗ ಗೊತ್ತಿರಲಿಲ್ಲ."

ಆಗ ಅತ್ತಳು ನೋಡು. ನಿನ್ನ ಸಾವಿನ ಸುದ್ದಿಗೂ ಹಾಗೆ ಅತ್ತಿರಲಿಲ್ಲ. ದಾದು, ಮಲ್ಲು ಹೊರಗೆ ಹೋಗಿ ನಿಂತರು. "ಘೇಊನ್ ಜಾ ತಿಲಾ," ಅವಳನ್ನು ಕರೆದುಕೊಂಡು ಹೋಗು ಎಂದು ಯಜಮಾನನೇ ನಮ್ಮನ್ನು ಮೋಟಾರು ಹತ್ತಿಸಿದ.

ನಿನ್ನೆ ನಾವು ಮನೆ ಮುಟ್ಟಿದಾಗ ಅಜ್ಜ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ. ಅಜ್ಜಿ ತೀರಿದ ಮೇಲೆ ನೀನೇ ಕರೆತಂದು ಸಾಕಿದೆಯಲ್ಲ, ಅದೇ ಅಜ್ಜ.

"ಅಪ್ಪಾ, ಚಂಪಾ ಬಂದೇನಿ."

ಅವನು ಅವಳ ಪಾದಗಳನ್ನಷ್ಟೇ ನೋಡಿದ. "ನನ್ನ ಮಗಳು ಹೊಳಿಗೆ ಹೋಗಿ ಭಾಳ ವರ್ಷ ಆತು."

"ಹೌದ್ರಿ. ನಿಮ್ಮ ಮಗಳು ಹೋದ್ಲು. ನಾ ಅಕ್ಕನ ಮನಿಗೆ ಬಂದೇನಿ." ಹಾಗೆಂದು ಅವನನ್ನು ದಾಟಿ ಒಳಗೆ ಹೋದಳು.

"ಯಾಕ, ಅಜ್ಜಾ? ಅವ್ವ ಅಳೂದು ಕಣ್ಣೀಲೆ ನೋಡ್ತಿದ್ದಿಲ್ಲೇನು?" ಎಂದು ನಾನು ಕೂಗಿದೆ. ಅವನು ಹಿಡಿ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಸುಕುತ್ತ ಕೂತೇ ಇದ್ದ. ಬಿಸಿಲು ಕಟ್ಟೆ ಬಿಟ್ಟು ಸರಿದ ಮೇಲೆ, ನನ್ನ ಕಡೆ ನೋಡದೆ, "ಆಕಿ ಉಂಡಾಳೇನ ಕೇಳು" ಅಂದ.

ಒಳಗಿನಿಂದಲೇ ಉತ್ತರ ಬಂತು. "ಅಕ್ಕ ಬಡಸಿದ್ರ ಉಣ್ತಿದ್ದೆ ಅಂತ ಹೇಳು."

ಅವನನ್ನು ಏನು ಮಾಡಲಿ, ಅವ್ವಾ? ನೀನಾಗಿದ್ದರೆ... ನನಗಂತೂ ತಿಳಿಯುತ್ತಿಲ್ಲ. ನಾಳೆ ಚಿಕ್ಕವ್ವನನ್ನು ಕೊಲ್ಹಾಪುರಕ್ಕೆ ಬಿಟ್ಟು ಬರುತ್ತೇನೆ. ಸಂಕ್ರಾಂತಿಗೆ ಮತ್ತೆ ಕರೆತರುತ್ತೇನೆ, ಅಜ್ಜ ಏನೇ ಅನ್ನಲಿ. ಆಗ ಒಬ್ಬಳೇ ಬರುವುದಿಲ್ಲ. ನಿನ್ನ ತಂಗಿಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಅವ್ವಾ. ಕೊಲ್ಹಾಪುರದಲ್ಲಿ ಮೋಟಾರು ಹತ್ತುವಾಗ, ದೊಡ್ಡವ್ವ ಹೆಂಗಿದ್ಲು ಅಂತ ನನ್ನ ತೋಳು ಹಿಡಿದು ಕೇಳಿದರು. ಬಂದಾಗ ಹೇಳುತ್ತೇನೆ ಎಂದಿದ್ದೇನೆ.